ಎರಡು ಗಂಟೆಯ ನಂಬರ್

“ನೋವು ಅಂತ ಹೇಳಿದರೆ ಅದು ಸರಿಯಾಗುವುದಿಲ್ಲ ಚಂದ್ರವ್ವ. ನೋವಾದರೆ ಅದಕ್ಕೆ ಒಂದು ಜಾಗ ಅಂತ ಉಂಟು, ಕೈ ಇಟ್ಟು ಇಲ್ಲಿ ಅಂತ ತೋರಿಸಬಹುದು. ಇದಕ್ಕೆ ಜಾಗ ಇಲ್ಲ. ರಾತ್ರಿ ಮಲಗುವಾಗ ನಾನು ಸರಿ ಇರ್ತೇನೆ. ಮೂರಕ್ಕೋ ಮೂರೂವರೆಗೋ ಎಚ್ಚರ ಆಗ್ತದೆ. ಆಗ ಮಗ್ಗುಲು ಬದಲಿಸ್ಲಿಕ್ಕೆ ಆಗುವುದಿಲ್ಲ. ತೊಳೆಯದೆ ಬಿಟ್ಟ ಗ್ರೈಂಡರಿನ ಕಲ್ಲು ನೀವು ನೋಡಿದ್ದೀರಲ್ಲ, ಹಿಟ್ಟು ಒಣಗಿ ಹಿಡ್ಕೊಂಡಿರ್ತದೆ, ಸ್ವಿಚ್ ಹಾಕಿದರೆ ಗುಂಯ್ ಅಂತದೆ, ತಿರುಗುವುದಿಲ್ಲ. ಹಾಗೆ. ಮೊದಲು ಬಲಗೈ ಕಪಾಟಿನ ಕಾಲಿಗೆ ಹಾಕ್ತೇನೆ. ಎಳ್ಕೊಂಡು ಹೊಟ್ಟೆ ಅಡಿ ಮಾಡ್ತೇನೆ. ಮತ್ತೆ ಮೊಣಕಾಲು ಊರಿ, ಮಕ್ಕಳು ಅಂಬೆಗಾಲು ಇಡುವ ಹಾಗೆ ಗೋಡೆವರೆಗೆ ಹೋಗ್ತೇನೆ. ಗೋಡೆ ಹಿಡ್ಕೊಂಡು ಎದ್ದು ನಿಲ್ಲುವಾಗ ನಾಲ್ಕು ಗಂಟೆಯ ನೀರು ಬರ್ತದೆ. ನೀರು ತುಂಬಿಸ್ತೇನೆ, ಹಿಟ್ಟು ಪ್ಯಾಕೆಟ್ ಮಾಡ್ತೇನೆ. ಆರು ಗಂಟೆಗೆ ಸ್ವಲ್ಪ ಬಿಡ್ತದೆ. ಏಳಕ್ಕೆ ಇನ್ನೂ ಸ್ವಲ್ಪ. ಹತ್ತು ಗಂಟೆಗೆ ನನಗೆ ಏನೂ ಆಗಿಯೇ ಇಲ್ಲ. ಹತ್ತರ ಮೇಲೆ ಯಾರಾದರೂ ಬಂದು ನಿನಗೆ ಎಂತ ಆಗಿದೆ ಅಂತ ಕೇಳಿದರೆ ಏನು ಹೇಳಬೇಕು ಅಂತ ನನಗೇ ಗೊತ್ತಿಲ್ಲ. ಸುರು ಆದದ್ದು ಯಾವಾಗ ಅಂದರೆ, ಯಕ್ಷಿತಾ ಮೂರನೆಯದೋ ನಾಲ್ಕನೆಯದೋ ಇದ್ದಳು. ಈಗ ಅವಳು ಕಾಲೇಜು.”

ವಿನೋದಿನಿ ಇದನ್ನೆಲ್ಲ ಹೇಳಿದ್ದು ಕಾಂದಿವಲಿಯ ಚಾಳಿನ ಗ್ಯಾಲರಿಯಲ್ಲಿ, ಹಗ್ಗದ ಮೇಲಿನ ಬಟ್ಟೆ ತೆಗೆಯುತ್ತ. ಹೇಳುವಾಗ ಅವಳ ಸ್ವರ ಏರಲೂ ಇಲ್ಲ, ಇಳಿಯಲೂ ಇಲ್ಲ. ಒಂದು ಕಿಲೋ ಹಿಟ್ಟಿನಲ್ಲಿ ಎಷ್ಟು ದೋಸೆ ಬರುತ್ತದೆ ಎಂದು ಹೊಸ ಗಿರಾಕಿಗೆ ಹೇಳುವ ಹಾಗೆ ಹೇಳಿದಳು. ಪಕ್ಕದ ಖೋಲಿಯ ಚಂದ್ರವ್ವ ಬಾಗಲಕೋಟೆ ಕಡೆಯವಳು, ಎಪ್ಪತ್ತು ದಾಟಿದ ಹೆಂಗಸು. ಬೆಳ್ಳುಳ್ಳಿ ಸುಲಿಯುತ್ತ ಕೇಳಿಸಿಕೊಂಡಳು. ಕೇಳಿ ಮುಗಿದ ಮೇಲೂ ಎರಡು ಎಸಳು ಸುಲಿದಳು.

“ಇದನ್ನ ನಿನ್ನ ಡಾಕ್ಟರಮ್ಮಗ ಹೇಳಿಯೇನು?”

“ಅವರು ಕೇಳ್ತಾರೆ. ಆದರೆ ನಾನು ಹೋಗುವುದು ಎರಡು ಗಂಟೆಗಲ್ವಾ. ಎರಡು ಗಂಟೆಗೆ ನಾನು ಸರಿ ಇರ್ತೇನೆ.”

“ಬೆಳಿಗ್ಗೆ ಹೋಗಬೇಕಿಲ್ಲೋ?”

“ಬೆಳಿಗ್ಗೆ ಹೋದರೆ ಹಿಟ್ಟು ಯಾರು ಕೊಡುವುದು?”

ಚಂದ್ರವ್ವ ಮಡಿಲಿನ ಬೆಳ್ಳುಳ್ಳಿ ಸಿಪ್ಪೆ ಕೊಡವಿದಳು. ಒಳಗೆ ಮಂಚದ ಮೇಲೆ ಮೊಬೈಲ್ ಹಿಡಿದು ಕೂತಿದ್ದ ಮಗಳು ಯಕ್ಷಿತಾ ತಲೆ ಎತ್ತಿ ತಾಯಿಯ ಕಡೆ ನೋಡಿದಳು, ಮತ್ತೆ ಮೊಬೈಲಿಗೆ ತಿರುಗಿದಳು.

ವಿನೋದಿನಿಗೆ ಆಗ ನಲವತ್ತಮೂರು. ಇಡ್ಲಿ ದೋಸೆಯ ಹಿಟ್ಟು ಅರೆದು ಮಾರುವುದು ಅವಳ ಕೆಲಸ. ಚಾಳಿನ ಎದುರು ಎದ್ದ ಮೂರು ಬಿಲ್ಡಿಂಗುಗಳಲ್ಲಿ ಅರವತ್ತು ಮನೆಯವರು ಅವಳ ಹಿಟ್ಟು ತೆಗೆದುಕೊಳ್ಳುತ್ತಾರೆ. ಬೆಳಿಗ್ಗೆ ಅಕ್ಕಿ ಉದ್ದು ನೆನೆಸುವುದು, ಮಧ್ಯಾಹ್ನ ಮೂರೂವರೆಯ ಮೇಲೆ ಅರೆಯುವುದು, ರಾತ್ರಿ ಹುಳಿ ಬರಲು ಬಿಡುವುದು, ನಾಲ್ಕಕ್ಕೆ ಎದ್ದು ಪ್ಲಾಸ್ಟಿಕ್ ತೊಟ್ಟೆಗೆ ತುಂಬಿಸಿ ಆರೂವರೆಯಿಂದ ಮನೆಮನೆಗೆ ಮುಟ್ಟಿಸುವುದು. ಮೊಸರು, ಹಾಲು, ಪೇಪರಿನವರಿಗಿಂತ ಮೊದಲು ಅವಳ ಚೀಲ ಲಿಫ್ಟಿನ ಹತ್ತಿರ ಇರುತ್ತಿತ್ತು. ಬಿಲ್ಡಿಂಗಿನ ಹೆಂಗಸರು ತಮ್ಮ ಸೊಸೆಯಂದಿರಿಗೆ ಅವಳನ್ನು ತೋರಿಸಿ ಹೇಳುತ್ತಿದ್ದರಂತೆ, ನೋಡು, ಮೂರೂವರೆಗೆ ಏಳ್ತಾಳೆ, ಒಂದು ದಿನ ತಪ್ಪಿದ್ದಿಲ್ಲ ಎಂದು. ಮಲಗಲು ಆಗದೆ ಏಳುವುದು ಎಂದು ಅವರಿಗೆ ಗೊತ್ತಿರಲಿಲ್ಲ. ಅವಳಿಗೂ ಬಹಳ ವರ್ಷ ಗೊತ್ತಿರಲಿಲ್ಲ. ಹಿಟ್ಟಿನ ಕೆಲಸ ಮಾಡುವವರಿಗೆ ನಿದ್ದೆ ಹೀಗೆಯೇ ಎಂದುಕೊಂಡಿದ್ದಳು. ಕೆಲಸ ಸುರು ಮಾಡಿದ ಮೇಲೆ ಬಿಗಿತ ಬಿಡುತ್ತದೆ. ಕೆಲಸದಿಂದ ಬಿಡುವುದನ್ನು ಯಾರಾದರೂ ರೋಗ ಅನ್ನುತ್ತಾರೆಯೆ?

ಅವಳ ಅಪ್ಪ ದೂಜ ಪೂಜಾರಿಯೂ ಹಿಟ್ಟಿನವರೇ. ಮಾಟುಂಗದ ಹೋಟೆಲೊಂದರಲ್ಲಿ ಇಪ್ಪತ್ತೆಂಟು ವರ್ಷ ಕಲ್ಲು ತಿರುಗಿಸಿದವರು. ಮೊದಲು ಕೈಯ ಕಲ್ಲು, ಆಮೇಲೆ ಮೋಟಾರು ಬಂತು. ಅಷ್ಟರಲ್ಲಿ ಅಪ್ಪ ಬಗ್ಗಿಹೋಗಿದ್ದರು. ಸೊಂಟದಿಂದ ಮೇಲೆ ಬಗ್ಗಿ, ಕುತ್ತಿಗೆ ಮುಂದೆ ಬಂದು, ಎದುರಿನವರ ಹೊಟ್ಟೆಯ ತನಕ ಮಾತ್ರ ಕಾಣುವ ಹಾಗೆ. ಮಾತಾಡುವಾಗ ಹುಬ್ಬು ಏರಿಸಿ ಕಣ್ಣನ್ನು ಮೇಲೆ ತಳ್ಳುತ್ತಿದ್ದರು. ಕಲ್ಲು ಬಗ್ಗಿಸಿತು ಎಂದು ಹೋಟೆಲಿನವರು ಹೇಳಿದರು, ಊರಿನವರು ಹೇಳಿದರು, ಅವರೂ ಅದನ್ನೇ ಹೇಳುತ್ತಿದ್ದರು. ಅದಕ್ಕೇ ವಿನೋದಿನಿ ಈ ಕೆಲಸಕ್ಕೆ ಇಳಿದಾಗ ಎಲ್ಲಕ್ಕಿಂತ ಮೊದಲು ತೆಗೆದುಕೊಂಡದ್ದು ವಾಲುವ ಗ್ರೈಂಡರ್. ಸ್ವಿಚ್ ಹಾಕಿದರೆ ತಾನೇ ಅರೆಯುತ್ತದೆ, ವಾಲಿಸಿದರೆ ತಾನೇ ಸುರಿಯುತ್ತದೆ. ಬಗ್ಗುವ ಕೆಲಸವೇ ಇಲ್ಲ. ಅಪ್ಪನಿಗೆ ಆದದ್ದು ತನಗೆ ಆಗುವುದಿಲ್ಲ ಎಂದು ಆ ದಿನ ನಿಶ್ಚಿಂತೆಯಾಗಿದ್ದಳು.

ವಿಲೆ ಪಾರ್ಲೆಯ ಆಸ್ಪತ್ರೆಗೆ ಹೋಗಲು ಸುರು ಮಾಡಿದ್ದು ಎರಡು ವರ್ಷದ ಹಿಂದೆ, ಒಂದು ಕಣ್ಣು ಕೆಂಪಾಗಿ ಬೆಳಕು ನೋಡಲು ಆಗದಾಗ. ಕಣ್ಣಿನ ಡಾಕ್ಟರು ಔಷಧ ಕೊಟ್ಟು, ನಿಮಗೆ ಬೆನ್ನು ಹಿಡಿಯುತ್ತದೆಯೆ ಎಂದು ಕೇಳಿದರು. ಕಣ್ಣಿಗೂ ಬೆನ್ನಿಗೂ ಏನು ಸಂಬಂಧ ಎಂದು ಅವಳಿಗೆ ನಗು ಬಂತು. ಅವರೇ ಚೀಟಿ ಬರೆದು ಮೇಲಿನ ಮಾಳಿಗೆಗೆ ಕಳಿಸಿದರು, ಸಂಧಿವಾತದ ಡಾಕ್ಟರ ಹತ್ತಿರ.

ಡಾಕ್ಟರ್ ಸಮೀನಾ ವಿಜಯಪುರದವರು. ಇವಳ ಮಾತು ಕೇಳಿ ಕನ್ನಡಕ್ಕೆ ತಿರುಗಿದರು. ರಕ್ತ ಪರೀಕ್ಷೆ ಆಯಿತು, ಮೆಷೀನಿನೊಳಗೆ ಮಲಗಿಸಿ ಫೋಟೋ ತೆಗೆದದ್ದಾಯಿತು. ಬೆನ್ನುಮೂಳೆಯ ಸಂದುಗಳಲ್ಲಿ ಉರಿಯೂತ, ಬಿಟ್ಟರೆ ಮೂಳೆಗೆ ಮೂಳೆ ಬೆಸೆದುಕೊಳ್ಳುತ್ತದೆ ಎಂದರು. ಕಾಗದದ ಮೇಲೆ ಒಂದು ಉದ್ದ ಹೆಸರು ಬರೆದರು. ವಿನೋದಿನಿ ಅದನ್ನು ಓದಲು ಹೋಗಲಿಲ್ಲ. ಗುಳಿಗೆ ಕೊಟ್ಟರು, ದಿನಾ ಮಾಡುವ ವ್ಯಾಯಾಮ ಕಲಿಸಿದರು. ಆ ಗುಳಿಗೆಯಲ್ಲಿ ಅಷ್ಟಾಗಿ ತಗ್ಗದಿದ್ದಾಗ ಬೇರೆ ಗುಳಿಗೆ ಕೊಟ್ಟರು.

ಮೂರು ತಿಂಗಳಿಗೊಮ್ಮೆ ಹೋಗುವುದು. ಅವಳು ಕೇಳಿ ಪಡೆಯುವುದು ಎರಡು ಗಂಟೆಯ ನಂಬರ್. ಹಿಟ್ಟು ಮುಟ್ಟಿಸಿ, ಅಕ್ಕಿ ನೆನೆಸಿ, ಸ್ನಾನ ಮಾಡಿ, ಒಳ್ಳೆಯ ಸೀರೆ ಉಟ್ಟು, ಜಡೆಗೆ ಒಂದು ತುಂಡು ಮಲ್ಲಿಗೆ ಸಿಕ್ಕಿಸಿಕೊಂಡು ಹನ್ನೆರಡೂವರೆಯ ಲೋಕಲ್ ಹಿಡಿಯುತ್ತಿದ್ದಳು. ಡಾಕ್ಟರ ಹತ್ತಿರ ಹೋಗುವಾಗ ನೀಟಾಗಿ ಹೋಗಬೇಕಲ್ಲ. ಹೊರಡುವ ಮೊದಲು ನೋವಿನ ಗುಳಿಗೆಯನ್ನೂ ಮರೆಯದೆ ತೆಗೆದುಕೊಳ್ಳುತ್ತಿದ್ದಳು, ಅಲ್ಲಿ ಬೆಂಚಿನಿಂದ ಏಳುವಾಗ ತೊಂದರೆ ಆಗಬಾರದೆಂದು.

ಡಾಕ್ಟರ ಹತ್ತಿರ ಒಂದು ಹಾಳೆ ಇತ್ತು. ಆರು ಪ್ರಶ್ನೆ.

“ಹ್ವಾದ ವಾರದಾಗ ದಣಿವು ಎಷ್ಟಿತ್ರೀ? ಸೊನ್ನಿ ಅಂದ್ರ ಇಲ್ಲವೇ ಇಲ್ಲ, ಹತ್ತು ಅಂದ್ರ ತಡಕೊಳ್ಳಲಿಕ್ಕೆ ಆಗದಷ್ಟು.”

“ಎರಡು ಹಾಕಿ ಮೇಡಂ.”

“ಬೆನ್ನು, ಸೊಂಟ, ಕುತ್ತಿಗಿ?”

“ಅದಕ್ಕೂ ಎರಡು. ಮೂರು ಬೇಕಾದರೆ ಹಾಕಿ.”

“ಮುಂಜಾನೆ ಎದ್ದಾಗ ಬಿಗೀತದಲ್ಲ, ಅದು ಎಷ್ಟ್ ಹೊತ್ತು?”

“ಸ್ವಲ್ಪ ಹೊತ್ತು. ಕೆಲಸ ಸುರು ಮಾಡಿದರೆ ಹೋಗ್ತದೆ.”

ಅವಳು ಸುಳ್ಳು ಹೇಳುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತು ಆ ಹೊತ್ತಿನಲ್ಲಿ ಮೈಯನ್ನು ಕೇಳಿಕೊಂಡರೆ ಮೈ ಎರಡು ಎಂದೇ ಹೇಳುತ್ತಿತ್ತು. ಜೊತೆಗೆ ಹಿಟ್ಟು ಮಾರುವವರ ಒಂದು ಅಭ್ಯಾಸವೂ ಸೇರಿತ್ತು. ಹೇಗುಂಟು ಎಂದು ಗಿರಾಕಿ ಕೇಳಿದರೆ ಚೆನ್ನಾಗುಂಟು ಎನ್ನಬೇಕು. ಸ್ವಲ್ಪ ಹುಳಿ ಜಾಸ್ತಿ ಆಗಿದೆ ಎಂದು ಯಾರೂ ತಮ್ಮ ಬಾಯಿಯಿಂದ ಹೇಳುವುದಿಲ್ಲ. ಡಾಕ್ಟರು ಅಂಕೆ ಕೂಡಿಸಿ ಭಾಗಿಸಿ, ನಾಲ್ಕಕ್ಕಿಂತ ಕಡಿಮೆ ಉಂಟು ಎಂದು ನೋಡಿ, ಹಾಗಾದರೆ ಇಂಜೆಕ್ಷನ್ ಈಗಲೇ ಬೇಡ, ಗುಳಿಗೆ ಮುಂದುವರಿಸೋಣ ಎನ್ನುತ್ತಿದ್ದರು. ಆಯ್ತು ಮೇಡಂ ಎಂದು ಎದ್ದು ಬರುತ್ತಿದ್ದಳು. ಎರಡು ವರ್ಷ ಹೀಗೆ ಹೋಯಿತು.

ಗ್ಯಾಲರಿಯಲ್ಲಿ ಚಂದ್ರವ್ವನ ಹತ್ತಿರ ಮಾತಾಡಿದ ಮುಂದಿನ ವಾರ ಮತ್ತೆ ನಂಬರ್ ಇತ್ತು. ಆ ಸಲ ಯಕ್ಷಿತಾ ನಾನೂ ಬರುತ್ತೇನೆ ಎಂದಳು. ಡಾಕ್ಟರು ಹಾಳೆ ಎಳೆದು, ವಿನೋದಿನಿ ಒಂದಕ್ಕೆ ಎರಡು, ಇನ್ನೊಂದಕ್ಕೆ ಮೂರು ಹಾಕಿ ಎಂದದ್ದೇ, ಹುಡುಗಿ ಮೊಬೈಲ್ ತೆಗೆದು ಮೇಜಿನ ಮೇಲೆ ಇಟ್ಟಳು. ಅವಳ ಕನ್ನಡ ಅಲ್ಲಲ್ಲಿ ಮುರಿಯುತ್ತದೆ.

“ಮೇಡಂ, ಏಕ್ ಮಿನಿಟ್. ಮಮ್ಮಿ ಝೂಟ್ ಹೇಳುವುದಿಲ್ಲ, ಮತ್ಲಬ್, ದೋಪಹರ್ದು, ಮಧ್ಯಾಹ್ನದ್ದು ಹೇಳ್ತಾಳೆ. ಸುಬಹ್ದು, ಬೆಳಗ್ಗಿನದ್ದು, ಇದು ನೋಡಿ.”

ಮಂಚದ ಮೇಲಿನಿಂದ ತೆಗೆದ ವೀಡಿಯೋ. ನೆಲದ ಮೇಲೆ ಒಬ್ಬ ಹೆಂಗಸು. ಕಪಾಟಿನ ಕಾಲು ಹಿಡಿದುಕೊಂಡಳು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ತಿರುಗಿದಳು, ಮೊಣಕಾಲು ಊರಿದಳು, ಗೋಡೆಯ ತನಕ ಹೋದಳು, ಎರಡು ಕೈಯೂ ಗೋಡೆಗೆ ಕೊಟ್ಟು ಒಂದೊಂದೇ ಗೇಣು ಮೇಲೇರಿದಳು. ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡ್. ಡಾಕ್ಟರು ಒಂದು ಸಲ ನೋಡಿ, ಮೊದಲಿನಿಂದ ಮತ್ತೊಂದು ಸಲ ನೋಡಿದರು. ವಿನೋದಿನಿಯೂ ನೋಡಿದಳು. ಅವಳಿಗೆ ಏನೂ ಅನ್ನಿಸಲಿಲ್ಲ. ಯಾರದೋ ಮನೆಯ ಯಾರೋ ಹೆಂಗಸು. ಹಿಂದಿನ ಹಗ್ಗದಲ್ಲಿ ನೀಲಿ ಲಂಗ ತೆಗೆಯದೆ ಬಿಟ್ಟದ್ದು ಕಾಣುತ್ತಿತ್ತು. ಡಾಕ್ಟರ ಎದುರು ಅದೊಂದು ಕಾಣಬಾರದಿತ್ತು ಎಂದುಕೊಂಡಳು.

“ಇದು ದಿನಾ ಹಿಂಗೇ ಏನ್ರೀ?”

“ದಿನಾ.”

ಡಾಕ್ಟರು ಎರಡನ್ನು ಹೊಡೆದು ಏಳು ಬರೆದರು. ಮೂರನ್ನು ಹೊಡೆದು ಎಂಟು ಬರೆದರು. ಹೊಡೆದುಹಾಕಿದ ಅಂಕೆಯೂ ಆಸ್ಪತ್ರೆಯ ಫೈಲಿನಲ್ಲಿ ಉಳಿಯುತ್ತದೆ ಎಂದೋ ಏನೋ, ಪಕ್ಕದಲ್ಲಿ ತಮ್ಮ ಸಹಿಯನ್ನೂ ಹಾಕಿದರು.

“ತಪ್ಪು ನಂದೂ ಅದ. ನಾನೂ ಮಧ್ಯಾಹ್ನ ನೋಡಿ ಮಧ್ಯಾಹ್ನದ್ದೇ ಬರಕೊಂಡೆ. ನಿಮ್ಮ ಮನ್ಯಾಗ ಯಾರರೆ ಬಗ್ಗಿದವ್ರು ಇದ್ರೇನು?”

“ಅಪ್ಪ. ಅದು ಕಲ್ಲಿನಿಂದ.”

“ಯಾವ ಕಲ್ಲು?”

ವಿನೋದಿನಿ ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿದರು: “ಆ ಕಲ್ಲು ಅರದವ್ರೆಲ್ಲಾ ಬಗ್ಗಿದ್ರೇನ್ರೀ?”

ಅಪ್ಪನ ಎದುರು ಅದೇ ಕಲ್ಲಿಗೆ ಕೂತು ಇಪ್ಪತ್ತು ವರ್ಷ ಅರೆದ ಇನ್ನೊಬ್ಬ ಮನುಷ್ಯ ಇದ್ದ. ಅಪ್ಪಿ ಎಂದು ಕರೆಯುತ್ತಿದ್ದರು. ಕೆಲಸ ಬಿಟ್ಟು ಊರಿಗೆ ಹೋಗುವ ದಿನ ಟ್ರಂಕನ್ನು ತಲೆಯ ಮೇಲೆ ಹೊತ್ತುಕೊಂಡು ಕಂಬದ ಹಾಗೆ ನೆಟ್ಟಗೆ ನಡೆದುಹೋಗಿದ್ದ. ಅದನ್ನು ವಿನೋದಿನಿ ಕಣ್ಣಾರೆ ಕಂಡಿದ್ದಳು. ಕಂಡದ್ದನ್ನು ಇಷ್ಟು ವರ್ಷ ಅಪ್ಪನ ಪಕ್ಕದಲ್ಲಿಟ್ಟು ನೋಡಿರಲಿಲ್ಲ.

“ಇಲ್ಲ,” ಎಂದಳು.

ಇನ್ನು ಬರೀ ಗುಳಿಗೆಯ ಮೇಲೆ ಕೂತರೆ ಆಗದು, ಬಯಾಲಜಿಕ್ ಅನ್ನುವ ಇಂಜೆಕ್ಷನ್ ಸುರು ಮಾಡುವ ಹೊತ್ತು ಬಂದಿದೆ ಎಂದರು ಡಾಕ್ಟರು. ಹದಿನೈದು ದಿನಕ್ಕೊಂದು, ಮನೆಯಲ್ಲೇ ಹೊಟ್ಟೆಯ ಚರ್ಮಕ್ಕೆ ಹಾಕಿಕೊಳ್ಳುವುದು. ಮೈಯೊಳಗಿನ ಕಾವಲನ್ನು ಅದು ಸ್ವಲ್ಪ ಸಡಿಲ ಮಾಡುತ್ತದೆ. ಹಾಗಾಗಿ ಮೊದಲು ಟಿ.ಬಿ. ಉಂಟೋ ನೋಡಬೇಕು. ರಕ್ತ ಕೊಟ್ಟು, ಎದೆಯ ಫೋಟೋ ತೆಗೆಸಿ ಬಂದರು. ಎದೆ ಸ್ವಚ್ಛ ಇತ್ತು. ರಕ್ತದಲ್ಲಿ ಬಂತು.

“ಹೆದರಬ್ಯಾಡ್ರಿ. ಇದು ಮಲಗಿದ ಟಿ.ಬಿ. ರೋಗ ಅಲ್ಲ, ಯಾರಿಗೂ ಹರಡೂದಿಲ್ಲ. ಈ ಊರಾಗ ಭಾಳ ಮಂದಿ ಒಳಗ ಇರ್ತದ. ಎಬ್ಬಿಸಬಾರದು ಅಷ್ಟ. ವಾರಕ್ಕೊಮ್ಮೆ ಗುಳಿಗಿ, ಹನ್ನೆರಡು ವಾರ. ನಾಕು ವಾರ ಆದ ಮ್ಯಾಲೆ ಇಂಜೆಕ್ಷನ್ ಸುರು ಮಾಡಬಹುದು.”

ಗಂಡ ತಿಲಕ್ ಪಾರ್ಲೆಯ ಹೋಟೆಲಿನಲ್ಲಿ ಕ್ಯಾಪ್ಟನ್, ವೇಟರುಗಳ ಮೇಲಿನವನು. ಮಧ್ಯಾಹ್ನ ಹೋದರೆ ಬರುವುದು ತಡವಾಗಿ, ಮಲಗುವುದು ಖೋಲಿಯ ಅಟ್ಟದ ಮೇಲೆ, ಏಳುವುದು ಎಂಟಕ್ಕೆ. ಹೆಂಡತಿಯ ಬೆಳಗನ್ನು ಅವನೂ ನೋಡಿದವನಲ್ಲ. ರಜೆಯ ದಿನ ಊಟಕ್ಕೆ ಕೂತಾಗ ವಿಷಯ ಕೇಳಿ, ಸಾರಿಗೆ ಕಲಸಿದ ಅನ್ನವನ್ನು ಹಾಗೇ ಬಿಟ್ಟ.

“ಆ ಎರಡು ಅಕ್ಷರ ಗ್ಯಾಲರಿಯಲ್ಲಿ ಹೇಳಬೇಡ ಮಾರಾಯ್ತಿ.”

“ಹರಡುವುದಿಲ್ಲ ಅಂತ ಹೇಳಿದ್ದಾರೆ.”

“ಡಾಕ್ಟರ್ ಹೇಳಿದ್ದು ನಿನಗೆ. ಬಿಲ್ಡಿಂಗಿನ ಅರವತ್ತು ಮನೆಗೆ ಹೇಳ್ಲಿಕ್ಕೆ ಡಾಕ್ಟರ್ ಬರ್ತಾರಾ? ಹಿಟ್ಟಿನವಳು ನೀನು. ಕೈ ಹಾಕಿ ಕಲಸುವವಳು.” ನೀರಿನ ಲೋಟ ಹತ್ತಿರ ಎಳೆದುಕೊಂಡ. “ಕೆಲಸ ಮಾಡಿದರೆ ನೋವು ಹೋಗ್ತದಲ್ಲ. ಇಷ್ಟು ವರ್ಷ ಹೋಗಿದೆ. ಮಲಗಿದ್ದನ್ನು ಯಾಕೆ ಎಬ್ಬಿಸುವುದು?”

“ಎಬ್ಬಿಸಬಾರದು ಅಂತಲೇ ಗುಳಿಗೆ.”

“ನನಗೆ ಅರ್ಥ ಆಗುವುದಿಲ್ಲ ಬಿಡು.” ಅವನು ಅನ್ನ ಉಂಡ. ಕೈ ತೊಳೆದು ಬಂದು, ಅವಳ ತಟ್ಟೆಯನ್ನೂ ತೆಗೆದುಕೊಂಡು ಹೋಗಿ ಇಟ್ಟ. ಹಾಗೆ ಮಾಡುವವನಲ್ಲ.

ವಿನೋದಿನಿ ಭಾನುವಾರ ಭಾನುವಾರ ಗುಳಿಗೆ ನುಂಗಿದಳು. ಒಂದು ಮುಷ್ಟಿ ಗುಳಿಗೆ. ಆ ದಿನ ಮೂತ್ರ ಕಿತ್ತಳೆ ಬಣ್ಣ, ಬಾಯಿ ಸಪ್ಪೆ. ಗುಳಿಗೆಯ ಖಾಲಿ ಪಟ್ಟಿಗಳನ್ನು ಚಾಳಿನ ಕಸದ ಡಬ್ಬಿಗೆ ಹಾಕದೆ, ಕಾಗದದಲ್ಲಿ ಸುತ್ತಿ ಸ್ಟೇಷನ್ನಿನ ಡಬ್ಬಿಗೆ ಹಾಕಿ ಬರುತ್ತಿದ್ದಳು. ಮೂರನೆಯ ಭಾನುವಾರ ಚಂದ್ರವ್ವ ಕೇಳಿಯೇ ಬಿಟ್ಟಳು.

“ಐತಾರ ಬಂತಂದ್ರ ಮಾರಿ ಸಣ್ಣ ಮಾಡ್ಕೊಂಡು ಕುಂದ್ರತಿಯಲ್ಲ, ಯಾಕ? ಸೂಟಿ ದಿನ ಗಂಡನ ಮಾರಿ ನೋಡೂದು ಅಷ್ಟು ತ್ರಾಸ ಆಗೇತೇನು?”

ವಿನೋದಿನಿಗೆ ಸುಳ್ಳು ಹುಡುಕುವಷ್ಟು ತ್ರಾಣ ಇರಲಿಲ್ಲ. ಇದ್ದದ್ದನ್ನು ಹೇಳಿದಳು. ಚಂದ್ರವ್ವ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು.

“ನಿಂದು ಮಲಗಿದ್ದು. ನಂದು ಎದ್ದು ಕುಣದಿತ್ತು. ನಿನ್ನ ಮದುವಿಗಿಂತ ಮೊದಲಿನ ಮಾತು. ಗುಳಗಿ ನುಂಗಿ ನುಂಗಿ ಬದುಕೇನಿ, ಈ ಚಾಳಿನ್ಯಾಗ ಒಂದು ನಾಯಿಗೂ ಗೊತ್ತಿಲ್ಲ.” ಮೊರ ಎತ್ತಿಕೊಂಡು ಅಕ್ಕಿ ಕೇರಲು ಸುರು ಮಾಡಿದಳು. “ನಾಳೆ ನನಗ ಒಂದು ಕಿಲೋ ಹಿಟ್ಟು ಇಡು. ಹೋದ ಸಲ ಉದ್ದು ಕಡಿಮಿ ಹಾಕಿದ್ದಿ.”

“ಸರಿಯೇ ಹಾಕಿದ್ದೆ.”

“ಕಡಿಮಿ ಇತ್ತು.”

ನಾಲ್ಕು ವಾರ ಮುಗಿಯಿತು. ಆಸ್ಪತ್ರೆಯ ಸಹಾಯ ವಿಭಾಗದವರು ಕಾಗದಪತ್ರ ಮಾಡಿಸಿ ಇಂಜೆಕ್ಷನ್ ಕೊಡಿಸಿದರು. ದಪ್ಪ ಪೆನ್ನಿನ ಹಾಗಿನದು, ಒಂದು ಡಬ್ಬಿಯಲ್ಲಿ ಎರಡು. ನರ್ಸು ಔಷಧವಿಲ್ಲದ ಪೆನ್ನಿನಲ್ಲಿ ಮೂರು ಸಲ ಮಾಡಿ ತೋರಿಸಿದರು, ಯಕ್ಷಿತಾ ಎರಡು ಸಲ, ವಿನೋದಿನಿ ಎರಡು ಸಲ ಮಾಡಿದರು. ಫ್ರಿಜ್ಜಿನ ಬಾಗಿಲಲ್ಲಿ ಬೇಡ, ಮೇಲೆ ಐಸಿನ ಹತ್ತಿರ ಬೇಡ, ನಡು ಅಂತಸ್ತಿನಲ್ಲಿ ಇಡಿ, ಹಾಕುವ ಅರ್ಧ ಗಂಟೆ ಮೊದಲು ಹೊರಗೆ ತೆಗೆಯಿರಿ ಎಂದರು. ನಡು ಅಂತಸ್ತು ಹಿಟ್ಟಿನದು. ಎರಡು ಪ್ಯಾಕೆಟ್ ಸರಿಸಿ ಡಬ್ಬಿಯನ್ನು ಇಟ್ಟಳು.

ಡಬ್ಬಿ ಅಲ್ಲೇ ಉಳಿಯಿತು. ಮೊದಲು ಚೌತಿ ಬಂತು, ಹಿಟ್ಟಿಗೆ ದುಪ್ಪಟ್ಟು ಬೇಡಿಕೆ. ಚೌತಿ ಕಳೆಯಲಿ ಎಂದಳು. ಆಮೇಲೆ ಶೀತ ಜ್ವರ ಆಯಿತು. ಜ್ವರ ಇರುವಾಗ ಹಾಕಬಾರದು ಎಂದು ಡಾಕ್ಟರೇ ಹೇಳಿದ್ದರು, ಅದು ಸರಿ. ಜ್ವರ ಬಿಟ್ಟ ಮೇಲೆ ಯಕ್ಷಿತಾಳ ಪರೀಕ್ಷೆ. ಪರೀಕ್ಷೆ ಬರೆಯುವವಳು ಅವಳು, ಇಂಜೆಕ್ಷನ್ ಹಾಕಿಕೊಳ್ಳುವವಳು ತಾನು ಎಂದು ವಿನೋದಿನಿಗೆ ಗೊತ್ತಿತ್ತು. ಆಮೇಲೆ ನವರಾತ್ರಿ. ಬೆಳಿಗ್ಗೆ ನಾಲ್ಕಕ್ಕೆ ಹಿಟ್ಟಿಗೆ ಜಾಗ ಮಾಡಲು ಫ್ರಿಜ್ಜು ತೆಗೆದಾಗ ಡಬ್ಬಿ ಎದುರಿಗೇ ಕಾಣುತ್ತಿತ್ತು. ಅದನ್ನು ಈಚೆ ತೆಗೆದು ಒರಸಿ ಆಚೆ ಇಡುತ್ತಿದ್ದಳು.

ಯಾಕೆ ಹಾಕಿಕೊಳ್ಳುವುದಿಲ್ಲ ಎಂದು ತನ್ನನ್ನೇ ಕೇಳಿಕೊಂಡಳು. ಹೆದರಿಕೆ ಎನ್ನಲು ಹೆದರಿಕೆಯಾದರೂ ಇರಬೇಕಲ್ಲ. ಇದೆಲ್ಲ ಆ ವೀಡಿಯೋದ ಹೆಂಗಸಿಗೆ ಸಂಬಂಧಪಟ್ಟದ್ದು, ಅವಳ ಡಬ್ಬಿಯನ್ನು ತಾನು ಇಟ್ಟುಕೊಂಡಿದ್ದೇನೆ, ಅವಳು ಬಂದು ಕೇಳಿದಾಗ ಕೊಡಬೇಕು, ಅಷ್ಟೇ ಎಂಬ ಹಾಗೆ ಇತ್ತು. ತಿಲಕನೇ ಒಂದು ದಿನ ಹೇಳಿದ. “ನಾನು ಆವತ್ತು ಹೇಳಿದ್ದು ಹೇಳಿದೆ. ಬೇಡ ಅಂತಾದರೆ ವಾಪಸ್ ಕೊಟ್ಟು ಬಾ, ಬೇರೆ ಯಾರಿಗಾದರೂ ಆಗ್ತದೆ. ಬೇಕು ಅಂತಾದರೆ ಹಾಕು. ಫ್ರಿಜ್ಜಿನಲ್ಲಿ ಇಟ್ಟು ದಿನಾ ಒರಸುವುದು ಎಂತದು?”

“ನೋಡುವ,” ಎಂದಳು.

ದಸರಾ ಆದ ಮೇಲೆ ಮತ್ತೆ ನಂಬರ್ ಬಂತು. ಇದೂ ಎರಡು ಗಂಟೆಯದೇ. ಯಕ್ಷಿತಾ ಜೊತೆಗಿದ್ದಳು. ಇಂಜೆಕ್ಷನ್ ಇನ್ನೂ ಹಾಕಿಲ್ಲ ಎಂದು ಕೇಳಿ ಡಾಕ್ಟರು ಬೈಯಲಿಲ್ಲ. ಅವಳನ್ನು ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿದರು. ಹಿಮ್ಮಡಿ ಗೋಡೆಗೆ, ಬೆನ್ನು ಗೋಡೆಗೆ, ಈಗ ತಲೆ ತಾಗಿಸಿ ಎಂದರು. ವಿನೋದಿನಿ ತಾಗಿಸಲು ನೋಡಿದಳು. ತಾಗಲಿಲ್ಲ. ತಲೆಗೂ ಗೋಡೆಗೂ ನಡುವೆ ಡಾಕ್ಟರು ಬೆರಳು ಇಟ್ಟು ನೋಡಿದರು. ಹೋದ ವರ್ಷ ಒಂದು ಬೆರಳು ಎಂದು ಬರೆದಿತ್ತು. ಈಗ ಮೂರು.

“ಹ್ವಾದದ್ದು ವಾಪಸ್ ಬರೂದಿಲ್ಲ, ಇದನ್ನ ನಾ ಸುಳ್ಳು ಹೇಳೂದಿಲ್ಲ. ಇದ್ದದ್ದನ್ನ ಉಳಿಸ್ಕೋಬಹುದು, ಹೆಚ್ಚಿನ ಮಂದಿಗೆ ಉಳೀತದ. ಹಾಕ್ಕೊಳ್ಳೂದು ಬಿಡೂದು ನಿಮ್ಮ ಕೈಯಾಗ ಅದ. ಆದ್ರ ಡಬ್ಬಿ ಕಾಯ್ತದ, ಕುತ್ತಿಗಿ ಕಾಯೂದಿಲ್ಲ.”

“ಆಯ್ತು ಮೇಡಂ.” ಅವಳು ಯಾವಾಗಲೂ ಹೇಳುವುದು ಅದನ್ನೇ.

ಪಾರ್ಲೆ ಸ್ಟೇಷನ್ನಿನಲ್ಲಿ ಜನ ಅಷ್ಟಿರಲಿಲ್ಲ. ಪ್ಲಾಟ್‌ಫಾರ್ಮಿಗೆ ಇಳಿದು ನಿಂತರು. ಎಲ್ಲರೂ ನಿಂತ ಜಾಗದಲ್ಲೇ ಒಮ್ಮೆ ತಲೆ ಎತ್ತಿ ಇಂಡಿಕೇಟರ್ ನೋಡಿ, ತಲೆ ಇಳಿಸಿ ಮೊಬೈಲ್ ನೋಡುತ್ತಿದ್ದರು. ವಿನೋದಿನಿಯೂ ನೋಡಲು ಹೋದಳು. ಕಣ್ಣಿಗೆ ಸಿಕ್ಕಿದ್ದು ಕಂಬದ ನಡು, ಅದರ ಮೇಲಿನ ಒಂದು ಜಾಹೀರಾತು. ಇಂಡಿಕೇಟರ್ ಅದಕ್ಕಿಂತ ಮೇಲೆ. ಹುಬ್ಬು ಏರಿಸಿದಳು. ಸಿಗಲಿಲ್ಲ. ಎರಡು ಹೆಜ್ಜೆ ಹಿಂದೆ ಹೋಗಬಹುದಿತ್ತು, ಹೋಗಲಿಲ್ಲ. ಪಕ್ಕದಲ್ಲಿದ್ದ ಮಗಳ ತೋಳು ಮುಟ್ಟಿ ಕೇಳಿದಳು.

“ಯಾವ ಗಾಡಿ ಮಗಾ? ಎಷ್ಟು ನಿಮಿಷ?”

“ಬೋರಿವಲಿ ಸ್ಲೋ. ಚಾರ್ ಮಿನಿಟ್.”

ಕೇಳಿದ ಮೇಲೆ ಆ ಮಾತು ಅವಳ ಕಿವಿಯಲ್ಲಿ ನಿಂತಿತು. ಅದು ಅವಳ ಮಾತಲ್ಲ. ಅವಳಿಗೆ ಎಂಟು ಒಂಬತ್ತು ವರ್ಷ ಇದ್ದಾಗ ಅಪ್ಪ ಅವಳನ್ನು ರಜೆಯಲ್ಲಿ ಮಾಟುಂಗಕ್ಕೆ ಕರೆದುಕೊಂಡು ಹೋಗುತ್ತಿದ್ದರು. ವಾಪಸ್ ಬರುವಾಗ ಮಾಟುಂಗ ರೋಡಿನ ಪ್ಲಾಟ್‌ಫಾರ್ಮಿನಲ್ಲಿ ನೆಲ ನೋಡುತ್ತ ನಿಂತು, ಅವಳ ತೋಳು ಮುಟ್ಟಿ, ಯಾವ ಗಾಡಿ ಮಗಾ, ಎಷ್ಟು ನಿಮಿಷ ಎಂದು ಕೇಳುತ್ತಿದ್ದರು. ಅವಳು ಓದಿ ಹೇಳುತ್ತಿದ್ದಳು. ಅಪ್ಪನಿಗೆ ಓದಲು ಬರುವುದಿಲ್ಲ, ತನಗೆ ಬರುತ್ತದೆ ಎಂದು ಆಗ ಅವಳಿಗೆ ಬಹಳ ಹೆಮ್ಮೆ. ಅಪ್ಪನಿಗೆ ಓದಲು ಬರುತ್ತಿತ್ತು. ಭಾನುವಾರ ಕೂತು ಕನ್ನಡ ಪೇಪರನ್ನು ತೊಡೆಯ ಮೇಲೆ ಹರಡಿಕೊಂಡು ಪೂರಾ ಓದುತ್ತಿದ್ದರು.

ಗಾಡಿ ಬಂತು. ಹತ್ತಿದರು. ಸೀಟು ಸಿಕ್ಕಿತು. ಅಂಧೇರಿ, ಜೋಗೇಶ್ವರಿ, ಗೋರೆಗಾಂವ್. ಮಲಾಡಿನಲ್ಲಿ ಯಕ್ಷಿತಾ ಕಿವಿಯಿಂದ ಇಯರ್‌ಫೋನ್ ತೆಗೆದು ಕೇಳಿದಳು, “ಮಮ್ಮಿ, ಕ್ಯಾ ಹುವಾ?”

“ಎಂತ ಇಲ್ಲ. ನಿನಗೆ ಬೆಳಿಗ್ಗೆ ಏಳುವಾಗ ಸೊಂಟ ಗಿಂಟ ಹಿಡಿಯುವುದುಂಟಾ?”

“ನಹೀಂ. ಯಾಕೆ?”

“ಹಿಡಿದರೆ ಹೇಳಬೇಕು. ಬೆಳಗ್ಗಿನದ್ದು ಬೆಳಿಗ್ಗೆಯೇ ಹೇಳಬೇಕು.”

ಯಕ್ಷಿತಾ ತಾಯಿಯನ್ನು ಒಂದು ಸ್ಟೇಷನ್ನಿನಷ್ಟು ಹೊತ್ತು ನೋಡಿದಳು. ಆಮೇಲೆ ಕಾಂದಿವಲಿ ಬಂತು.

ಮನೆಗೆ ಬಂದಾಗ ಐದು ಗಂಟೆ ಹತ್ತಿರ. ಬೆಳಿಗ್ಗೆ ನೆನೆಸಿದ ಅಕ್ಕಿ ಉದ್ದು ಕಾಯುತ್ತಿದ್ದವು. ತಡವಾಗಿತ್ತು, ಸೀರೆ ಬದಲಿಸದೆಯೇ ಗ್ರೈಂಡರ್ ಹಾಕಿದಳು. ಮೊದಲು ಉದ್ದು, ಆಮೇಲೆ ಅಕ್ಕಿ. ಎರಡನ್ನೂ ದೊಡ್ಡ ಪಾತ್ರೆಗಳಿಗೆ ಸುರಿದು, ಉಪ್ಪು ಹಾಕಿ ಕೈಯಿಂದ ಕಲಸಿ, ಮುಚ್ಚಿ, ಮಂಚದ ಅಡಿಗೆ ತಳ್ಳಿದಳು. ಏಳು ಗಂಟೆಯಾಯಿತು. ಸಾಬೂನು ಹಾಕಿ ಕೈ ತೊಳೆದಳು, ಒರಸಿದಳು, ಫ್ರಿಜ್ಜು ತೆಗೆದು ಡಬ್ಬಿಯಿಂದ ಒಂದು ಪೆನ್ನನ್ನು ಹೊರಗೆ ತೆಗೆದು ದೇವರ ಗೂಡಿನ ಕೆಳಗಿನ ಹಲಗೆಯ ಮೇಲೆ ಇಟ್ಟಳು. ಅದು ತಣ್ಣಗಿತ್ತು, ಮೇಲೆ ನೀರಿನ ಮಂಜು ಹಿಡಿಯಿತು.

“ಅರ್ಧ ಗಂಟೆ ಹಾಕು,” ಎಂದಳು.

ಯಕ್ಷಿತಾ ಎದ್ದು ಬಂದಳು. ಮೊಬೈಲಿನಲ್ಲಿ ಅಲಾರಂ ಹಾಕಿ ಪೆನ್ನಿನ ಪಕ್ಕ ಇಟ್ಟಳು. “ನಾನು ಹಾಕಬೇಕಾ, ಮಮ್ಮಿ?”

“ಬೇಡ. ನಾನೇ ಹಾಕ್ತೇನೆ. ನೀನು ಹತ್ತಿರ ನಿಂತಿರು.”

ಹೊರಗೆ ಗ್ಯಾಲರಿಯಿಂದ ಚಂದ್ರವ್ವನ ಸ್ವರ ಕೇಳಿಸಿತು. “ಬಂದ್ಯೇನು ವಿನೋದವ್ವಾ? ಏನಂದ್ಲು ಡಾಕ್ಟರಮ್ಮ?”

“ಮೂರು ಬೆರಳು ಅಂತೆ,” ಎಂದಳು ವಿನೋದಿನಿ ಒಳಗಿನಿಂದಲೇ. “ಆಮೇಲೆ ಹೇಳ್ತೇನೆ. ಗ್ರೈಂಡರ್ ತೊಳೆಯದೆ ಹಾಗೇ ಉಂಟು.”

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗ್ರೈಂಡರಿನ ಕಲ್ಲುಗಳನ್ನು ಬಿಡಿಸಿ ಪಾತ್ರೆ ತೊಳೆಯುವ ಮೋರಿಯ ಕಲ್ಲಿನ ಮೇಲೆ ಇಟ್ಟಳು. ಪಾತ್ರೆಗೆ ಎರಡು ತಂಬಿಗೆ ನೀರು ಹೊಯ್ದು ಸುತ್ತಲೂ ಕೈಯಾಡಿಸಿದಳು. ಬಿಳಿಯಾದ ಆ ನೀರನ್ನು ಚೆಲ್ಲದೆ ಒಂದು ಬಾಲ್ದಿಗೆ ಬಗ್ಗಿಸಿದಳು, ಗ್ಯಾಲರಿಯ ಕರಿಬೇವಿನ ಡಬ್ಬಕ್ಕೆ ಅದು ಆಗುತ್ತದೆ. ಕಲ್ಲುಗಳ ಹಲ್ಲಿನ ನಡುವೆ ಹಿಟ್ಟು ಇನ್ನೂ ಹಸಿ ಇತ್ತು. ಹಳೆಯ ಬ್ರಶ್ ತೆಗೆದುಕೊಂಡು ಒಂದೊಂದೇ ಹಲ್ಲನ್ನು ತಿಕ್ಕಲು ಕೂತಳು.